ನಾಲ್ಕು ಕ್ಲಾರಿನೆಟ್, ಜಾಝ್ ನೋಟೇಶನ್: ಕೊಳ್ಳುವ ಮುಂಚೆ ನಾಲ್ಕನೆಯವರ ಹಾಳೆ ನೋಡಿ

"ನಾಕು ಮಂದಿ ಕ್ಲಾರಿಯೋನೆಟ್ ಊದೋರು ಕೂಡೇವ್ರಿ. ಕ್ರಿಸ್‌ಮಸ್ಸಿಗೋ, ಕಾಲೇಜ್ ಗ್ಯಾದರಿಂಗಿಗೋ ಜಾಝ್ ಥರಾ ಏನರ ಬಾರಿಸಬೇಕಂತ ಐತಿ. ಯಾವ ನೋಟೇಶನ್ ತಗೊಳ್ಳೋದು?" ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಿಗೆ ಬೇಕಾದದ್ದು ನಾಲ್ಕೈದು ಹಾಡಿನ ಹೆಸರು. ಆದರೆ ಹೆಸರು ಕೊಟ್ಟರೆ ಕೆಲಸ ಆಗುವುದಿಲ್ಲ. ಒಂದೇ ಹಾಡನ್ನು ಹತ್ತಾರು ಜನ ಹತ್ತಾರು ರೀತಿಯಲ್ಲಿ ನಾಲ್ಕು ಕ್ಲಾರಿನೆಟ್‌ಗೆ ಹೊಂದಿಸಿ ಬರೆದಿರುತ್ತಾರೆ. ಹಾಡು ಚೆಂದವಿದ್ದು ಆ ಹೊಂದಿಕೆ ನಿಮ್ಮ ನಾಲ್ವರಿಗೆ ಕೂಡದಿದ್ದರೆ ದುಡ್ಡೂ ಹೋಯಿತು, ಹುರುಪೂ ಹೋಯಿತು.

ಹೀಗಾಗಿ ಇಲ್ಲಿ ಹಾಡಿನ ಪಟ್ಟಿ ಇಲ್ಲ. ಯಾವುದೇ ಹಾಳೆ ಸಿಕ್ಕರೂ ಅದು ನಿಮಗೆ ಆಗುತ್ತದೋ ಇಲ್ಲವೋ ಎಂದು ನೋಡುವ ಕ್ರಮ ಇದೆ. ಬಹಳ ಮಂದಿ ಒಂದನೇ ಕ್ಲಾರಿನೆಟ್‌ನ ಹಾಳೆ ನೋಡಿ, ಗುನುಗಿ, ಕೊಂಡುಬಿಡುತ್ತಾರೆ. ನೋಡಬೇಕಾದದ್ದು ಎಲ್ಲಕ್ಕಿಂತ ಕೆಳಗಿರುವ ಹಾಳೆ. ಡ್ರಮ್ ಇಲ್ಲ, ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಜಾಝ್ ನಡೆಯೆಲ್ಲ ನಾಲ್ಕನೆಯವರ ಉಸಿರಿನ ಮೇಲೆ ನಿಂತಿರುತ್ತದೆ.

ಮೊದಲು ನಾಲ್ಕು ಪದ. ಸ್ಕೋರ್ ಅಂದರೆ ನಾಲ್ವರದನ್ನೂ ಒಂದರ ಕೆಳಗೊಂದು ಬರೆದ ಪೂರ್ತಿ ಪ್ರತಿ. ಪಾರ್ಟ್ ಅಂದರೆ ಒಬ್ಬರು ಊದುವುದಷ್ಟೇ ಇರುವ ಹಾಳೆ. ಬಾರ್ ಅಂದರೆ ಎರಡು ನಿಲುವು ಗೆರೆಗಳ ನಡುವಿನ ಭಾಗ, ಸಾಮಾನ್ಯವಾಗಿ ನಾಲ್ಕು ಮಾತ್ರೆ. ಟ್ರಾನ್ಸ್‌ಪೋಸಿಂಗ್ ವಾದ್ಯ ಅಂದರೆ ಬರೆದದ್ದೊಂದು, ಕೇಳುವುದೊಂದು: ಬಿ-ಫ್ಲಾಟ್ ಕ್ಲಾರಿನೆಟ್‌ನಲ್ಲಿ ಹಾಳೆಯ ಸಿ ಊದಿದರೆ ಹಾರ್ಮೋನಿಯಂನ ಕಾಳಿ ಪಾಂಚ್ ಕೇಳುತ್ತದೆ, ಅಂದರೆ ಬಿ-ಫ್ಲಾಟ್. ಮುಂದೆ ಎಲ್ಲ ಕಡೆ 'ಬರೆದ ಸಿ' ಎಂದರೆ ಹಾಳೆಯ ಮೇಲಿನದು, 'ಕೇಳುವ ಸಿ' ಎಂದರೆ ಕಿವಿಗೆ ಬೀಳುವುದು.

1. ನಿಮ್ಮಲ್ಲಿರುವ ವಾದ್ಯಗಳನ್ನು ಬರೆದುಕೊಳ್ಳಿ

'ಕ್ಲಾರಿನೆಟ್ ಕ್ವಾರ್ಟೆಟ್' ಎಂಬ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ಜಾತಿಯದಲ್ಲ. ಹೆಚ್ಚಾಗಿ ಕಾಣುವುದು ಮೂರು ಬಿ-ಫ್ಲಾಟ್ ಮತ್ತು ಒಂದು ಬಾಸ್ ಕ್ಲಾರಿನೆಟ್, ಅಂದರೆ ಕೆಳಗಿನ ದನಿಯ ದೊಡ್ಡ ಕ್ಲಾರಿನೆಟ್. ಇನ್ನೊಂದು, ನಾಲ್ಕೂ ಬಿ-ಫ್ಲಾಟ್. ಕೆಲವದರಲ್ಲಿ ಒಂದನೆಯದು ಪುಟ್ಟ ಇ-ಫ್ಲಾಟ್ ಕ್ಲಾರಿನೆಟ್, ಕೆಲವದರಲ್ಲಿ ಮೂರನೆಯದು ಆಲ್ಟೋ ಕ್ಲಾರಿನೆಟ್. ಇನ್ನೊಂದು ಬಲೆಯೂ ಇದೆ: ಪಾಶ್ಚಾತ್ಯ ಶಾಸ್ತ್ರೀಯ ರೂಢಿಯಲ್ಲಿ ಇದೇ ಹೆಸರಿಗೆ ಒಂದು ಕ್ಲಾರಿನೆಟ್, ಜೊತೆಗೆ ವಯಲಿನ್, ವಿಯೋಲಾ, ಚೆಲೋ ಎಂಬ ಅರ್ಥವೂ ಉಂಟು. ಶೀರ್ಷಿಕೆ ನಂಬಬೇಡಿ, ಕೆಳಗಿನ ವಾದ್ಯಪಟ್ಟಿ ಓದಿ.

ನಿಮ್ಮ ವಾದ್ಯ ಯಾವ ಸಿಸ್ಟಮ್ಮಿನದು, ಅಂದರೆ ಕೀಗಳ ಜೋಡಣೆ ಯಾವುದು ಎಂಬುದನ್ನೂ ಬರೆದುಕೊಳ್ಳಿ. ನಮ್ಮ ಕಡೆ ಮದುವೆ ಬ್ಯಾಂಡ್‌ಗಳಿಂದ ಬಂದವರ ಕೈಯಲ್ಲಿ ಹಳೆಯ ಆಲ್ಬರ್ಟ್ ಸಿಸ್ಟಮ್ ಈಗಲೂ ಇರಬಹುದು. ಗುರುತಿಸುವುದು ಸುಲಭ: ಬಲಗೈ ಕಿರುಬೆರಳಿನ ಹತ್ತಿರ ನಾಲ್ಕು ಕೀ ಇದ್ದರೆ ಬೋಮ್ ಸಿಸ್ಟಮ್, ಎರಡೇ ಇದ್ದರೆ ಆಲ್ಬರ್ಟ್. ಬೋಮ್‌ನಲ್ಲಿ ಕಿರುಬೆರಳಿನ ಕೆಲವು ಸ್ವರಗಳಿಗೆ ಎಡ-ಬಲ ಎರಡೂ ಕಡೆ ಕೀ ಇರುತ್ತವೆ, ಆಲ್ಬರ್ಟ್‌ನಲ್ಲಿ ಆ ಅನುಕೂಲವಿಲ್ಲ. ಅರ್ಧರ್ಧ ಸ್ವರವಾಗಿ ಓಡುವ ಕೆಳಗಿನ ಓಟಗಳು ತುಂಬಿರುವ ಪಾರ್ಟನ್ನು ಆಲ್ಬರ್ಟ್ ಹಿಡಿದವರಿಗೆ ಕೊಡಬೇಡಿ. ನ್ಯೂ ಆರ್ಲಿಯನ್ಸ್‌ನ ಹಳೆಯ ಜಾಝ್ ಕ್ಲಾರಿನೆಟ್ ವಾದಕರಲ್ಲಿ ಬಹಳ ಮಂದಿ ಆಲ್ಬರ್ಟ್‌ನಲ್ಲೇ ನುಡಿಸಿದವರು, ಹಾಗಾಗಿ ವಾದ್ಯ ಹಳೆಯದೆಂದು ಕೀಳರಿಮೆ ಬೇಡ. ಪಾರ್ಟ್ ಹಂಚುವಾಗ ಮಾತ್ರ ನೆನಪಿರಲಿ.

2. ನಾಲ್ವರಲ್ಲಿ ಹೊಸಬರ ಮಿತಿ ಅಳೆಯಿರಿ

ಗುಂಪಿನ ಮಟ್ಟ ಎಂದರೆ ಚೆನ್ನಾಗಿ ನುಡಿಸುವವರ ಮಟ್ಟವಲ್ಲ. ಒಂದು ಹಾಳೆಯಲ್ಲಿ ಒಬ್ಬೊಬ್ಬರದೂ ಮೂರು ಸಂಗತಿ ಬರೆಯಿರಿ.

ಮೊದಲನೆಯದು ಮೇಲಿನ ಮಿತಿ. ಒಂದು ವರ್ಷ ಕಲಿತವರಿಗೆ ಐದು ಗೆರೆಗಳ ಮೇಲೆ ಕೂತಿರುವ ಜಿ, ಹೆಚ್ಚೆಂದರೆ ಅದರ ಮೇಲಿನ ಎ ಸಾಕು. ಎರಡು-ಮೂರು ವರ್ಷವಾದವರು ಮೇಲೆ ಎರಡು ಹೆಚ್ಚುವರಿ ಗೆರೆಯ ಸಿ ತಲುಪುತ್ತಾರೆ. ಅದಕ್ಕೂ ಮೇಲಿನದು ಒಂದನೆಯವರ ಪಾರ್ಟಿನಲ್ಲಿ ಮಾತ್ರ ಇರಲಿ.

ಎರಡನೆಯದು 'ಬ್ರೇಕ್'. ಕ್ಲಾರಿನೆಟ್‌ನಲ್ಲಿ ಬರೆದ ನಡು ಬಿ-ಫ್ಲಾಟ್‌ಗೂ ಅದರ ಮೇಲಿನ ಬಿ-ಗೂ ನಡುವೆ ಒಂದು ಹೊಸ್ತಿಲಿದೆ: ಹೆಚ್ಚುಕಡಿಮೆ ಎಲ್ಲ ಬೆರಳು ಎತ್ತಿದ ಸ್ವರದಿಂದ ಎಲ್ಲ ಬೆರಳು ಮುಚ್ಚಿದ ಸ್ವರಕ್ಕೆ ಒಮ್ಮೆಲೆ ಹೋಗಬೇಕು. ಪರೀಕ್ಷೆ ಹೀಗೆ: ಮೆಟ್ರೊನೋಮ್ 100ಕ್ಕೆ ಇಟ್ಟು, ಮಾತ್ರೆಗೆರಡರಂತೆ ಬರೆದ ಎ-ಬಿ-ಸಿ-ಬಿ ಹತ್ತು ಸಲ ಸುತ್ತಿಸಿ. ಕೀಚು ದನಿ ಬರದೆ ದಾಟಿದರೆ ಪಾಸು. ದಾಟದಿದ್ದವರಿಗೆ ಇದೇ ಸ್ವರಗಳ ಸುತ್ತ ಗಿರಕಿ ಹೊಡೆಯುವ ಪಾರ್ಟ್ ಕೊಡಬಾರದು. ಇಲ್ಲೇ ಜಾಝ್ ಅರೇಂಜ್‌ಮೆಂಟ್‌ಗಳು ಮೋಸ ಮಾಡುತ್ತವೆ. ಎರಡನೇ, ಮೂರನೇ ಕ್ಲಾರಿನೆಟ್‌ನ ಜೊತೆಸ್ವರಗಳು ಇದೇ ಹೊಸ್ತಿಲ ಮೇಲೆ ಕೂರುವುದು ಸಾಮಾನ್ಯ. ನೋಡಲು ಸುಲಭ, ಊದಲು ಒಂದನೇ ಪಾರ್ಟಿಗಿಂತ ಕಷ್ಟ.

ಮೂರನೆಯದು ಓದುವ ವೇಗ. ಚರ್ಚ್ ಕಾಯರ್‌ನಲ್ಲಿ ಬೆಳೆದವರು, ಪೊಲೀಸ್ ಬ್ಯಾಂಡಿನವರು, ಗ್ರೇಡ್ ಪರೀಕ್ಷೆ ಕಟ್ಟಿದವರು ಐದು ಗೆರೆಯ ನೋಟೇಶನ್ ಸರಾಗ ಓದುತ್ತಾರೆ, ಉಳಿದವರು ಸರಗಮ್‌ನಲ್ಲಿ. ಇದರ ಉಪಾಯ ಮುಂದೆ ಏಳನೇ ಹಂತದಲ್ಲಿದೆ.

ಗ್ರೇಡ್ ಸಂಖ್ಯೆಯ ಬಗ್ಗೆ ಎಚ್ಚರ. ಅಮೆರಿಕದ ಪ್ರಕಾಶಕರು ಸಾಮಾನ್ಯವಾಗಿ 1ರಿಂದ 6ರವರೆಗೆ ಎಣಿಸುತ್ತಾರೆ, ಬ್ರಿಟಿಷ್ ಪರೀಕ್ಷೆಗಳು 1ರಿಂದ 8. ಎರಡರ 'ಗ್ರೇಡ್ 3' ಒಂದೇ ಅಲ್ಲ. ಯಾವ ಲೆಕ್ಕವಾದರೂ, ನಿಮ್ಮ ಹೊಸಬರ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನೇ ಮೊದಲ ಸಲ ಕೊಳ್ಳಿ. ಸ್ವರ ಸುಲಭವಿದ್ದರೂ ಜಾಝ್ ಲಯ ತಾನೇ ಒಂದು ಮೆಟ್ಟಿಲು ಏರಿಸುತ್ತದೆ.

3. ನಾಲ್ಕನೇ ಪಾರ್ಟ್: ಇಲ್ಲಿ ಹೊತ್ತು ಹಾಕಿ

ಬಾಸ್ ಕ್ಲಾರಿನೆಟ್ ನಮ್ಮ ಊರುಗಳಲ್ಲಿ ಅಪರೂಪ, ಬೆಲೆಯೂ ಜಾಸ್ತಿ. ಅದಕ್ಕೇ ಬಹಳ ಗುಂಪುಗಳು 'ಅದೂ ಟ್ರೆಬಲ್ ಕ್ಲೆಫ್‌ನಲ್ಲೇ (ಮೇಲಿನ ಸ್ವರಗಳಿಗೆ ಗೆರೆಗಳ ಮೊದಲಿಗೆ ಹಾಕುವ ಗುರುತು) ಇದೆಯಲ್ಲ, ನಮ್ಮ ನಾಲ್ಕನೆಯವರು ಮಾಮೂಲಿ ಕ್ಲಾರಿನೆಟ್‌ನಲ್ಲೇ ಊದಲಿ' ಎಂದು ಹೊರಡುತ್ತವೆ. ಏನು ಕೆಡುತ್ತದೆ ನೋಡಿ.

ಒಂದು ಬಾರ್‌ನಲ್ಲಿ ಮೂರನೆಯವರಿಗೆ ಬರೆದ ಕೆಳಗಿನ ಜಿ ಇದೆ, ಅಂದರೆ ನಡು ಸಿ-ಗಿಂತ ಕೆಳಗಿನದು. ಬಾಸ್‌ಗೆ ಬರೆದ ನಡು ಸಿ. ಹಾಳೆಯಲ್ಲಿ ಬಾಸ್‌ನ ಸ್ವರವೇ ಮೇಲಿದ್ದಂತೆ ಕಾಣುತ್ತದೆ. ಆದರೆ ಬಾಸ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಸಪ್ತಕ ಮತ್ತು ಒಂದು ಪೂರ್ಣ ಸ್ವರ ಕೆಳಗೆ ಕೇಳುತ್ತದೆ. ಹೀಗಾಗಿ ಕಿವಿಗೆ ಬೀಳುವುದು ಕೆಳಗೆ ಬಿ-ಫ್ಲಾಟ್, ಅದರ ಮೇಲೆ ಮೂರನೆಯವರ ಎಫ್. ಸರಿಯಾದ ಕಟ್ಟಡ. ಅದೇ ಪಾರ್ಟನ್ನು ಮಾಮೂಲಿ ಕ್ಲಾರಿನೆಟ್‌ನಲ್ಲಿ ಊದಿದರೆ ಆ ಬಿ-ಫ್ಲಾಟ್ ಒಂದು ಸಪ್ತಕ ಮೇಲೆದ್ದು ಮೂರನೆಯವರ ಎಫ್‌ನ ನೆತ್ತಿ ಮೇಲೆ ಕೂರುತ್ತದೆ. ಈಗ ತಳದಲ್ಲಿ ಉಳಿದದ್ದು ಎಫ್. ಷಡ್ಜ ಹಿಡಿಯಬೇಕಾದ ಕಡೆ ಪಂಚಮ ಹಿಡಿದಂತೆ. ಯಾರೂ ತಪ್ಪು ಸ್ವರ ಊದಿಲ್ಲ, ಆದರೂ 'ಏನೋ ಕೂಡ್ತಾ ಇಲ್ಲ' ಅನ್ನಿಸುತ್ತದೆ. ರಿಹರ್ಸಲ್ ಮೇಲೆ ರಿಹರ್ಸಲ್ ಮಾಡಿದರೂ ಅದು ಹೋಗುವುದಿಲ್ಲ.

ಬಾಸ್ ಕ್ಲಾರಿನೆಟ್ ಇಲ್ಲದವರಿಗೆ ಇರುವ ದಾರಿಗಳು ಇವು.

ಕೆಲವು ಪ್ರಕಾಶಕರು ಬಾಸ್ ಬದಲಿಗೆ ಊದಲು ಬೇರೆಯಾಗಿ ಹೊಂದಿಸಿದ 'ನಾಲ್ಕನೇ ಕ್ಲಾರಿನೆಟ್' ಪಾರ್ಟ್ ಕೊಡುತ್ತಾರೆ. ಅದು ಸೆಟ್‌ನಲ್ಲಿದೆಯೇ ಎಂದು ನೋಡಿ. ಆಮೇಲೆ ಅದರ ಸ್ವರಗಳು ಮೂರನೆಯವರ ಸ್ವರಗಳಿಗಿಂತ ಕೆಳಗೇ ಇವೆಯೇ ಎಂದು ಸ್ಕೋರ್‌ನಲ್ಲಿ ಬಾರ್ ಬಾರ್ ಬೆರಳಿಟ್ಟು ನೋಡಿ.

ಎರಡನೆಯ ದಾರಿಯನ್ನು ಬಹಳ ಮಂದಿ ಗಮನಿಸಿಲ್ಲ. ಟೆನರ್ ಸ್ಯಾಕ್ಸೋಫೋನ್ ಕೂಡ ಬರೆದದ್ದಕ್ಕಿಂತ ಸರಿಯಾಗಿ ಅಷ್ಟೇ ಕೆಳಗೆ ಕೇಳುತ್ತದೆ. ಬ್ರಾಸ್ ಬ್ಯಾಂಡ್ ಪದ್ಧತಿಯಲ್ಲಿ ಟ್ರೆಬಲ್ ಕ್ಲೆಫ್ ಓದುವ ಯೂಫೋನಿಯಂ ಕೂಡ. ಹಾಗಾಗಿ ಟ್ರೆಬಲ್ ಕ್ಲೆಫ್‌ನ ಬಾಸ್ ಕ್ಲಾರಿನೆಟ್ ಪಾರ್ಟನ್ನು ಇವರಿಬ್ಬರೂ ಏನೂ ಬದಲಿಸದೆ ನೇರವಾಗಿ ನುಡಿಸಬಹುದು. ತೊಡಕು ತಳದಲ್ಲಿ ಮಾತ್ರ. ಟೆನರ್ ಸ್ಯಾಕ್ಸ್ ಬರೆದ ನಡು ಸಿ-ಯ ಕೆಳಗಿನ ಬಿ-ಫ್ಲಾಟ್‌ಗೆ ನಿಲ್ಲುತ್ತದೆ, ಮೂರು ವಾಲ್ವಿನ ಯೂಫೋನಿಯಂ ಅದಕ್ಕೂ ಕೆಳಗಿನ ಎಫ್-ಶಾರ್ಪ್‌ಗೆ. ಬಾಸ್ ಕ್ಲಾರಿನೆಟ್ ಇನ್ನೂ ಕೆಳಗೆ ಇ-ಫ್ಲಾಟ್‌ವರೆಗೆ, ಕೆಲವು ಮಾದರಿಗಳಲ್ಲಿ ಸಿ-ವರೆಗೆ ಹೋಗುತ್ತದೆ. ಸಿಗದ ಸ್ವರಗಳನ್ನು ಒಂದು ಸಪ್ತಕ ಮೇಲೆತ್ತಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬ್ಯಾಂಡಿನಲ್ಲಿ ಯೂಫೋನಿಯಂ ಊದುವ ಸೋದರಮಾವನೋ ಗೆಳೆಯನೋ ಇದ್ದರೆ ಕರೆದುಕೊಂಡು ಬನ್ನಿ, ಆದರೆ ಅರ್ಧ ಗಾಳಿಯಲ್ಲಿ ಊದಲು ಹೇಳಿ. ಮೆರವಣಿಗೆಯ ಗಾಳಿ ಹಾಕಿದರೆ ಮೂರು ಕ್ಲಾರಿನೆಟ್ ಇದ್ದೂ ಇಲ್ಲದಂತೆ. ಆಲ್ಟೋ ಸ್ಯಾಕ್ಸ್‌ಗೆ ಈ ಪಾರ್ಟ್ ಕೊಡಬೇಡಿ. ಅದು ಇ-ಫ್ಲಾಟ್ ವಾದ್ಯ, ಎಲ್ಲವೂ ಬೇರೆ ಶ್ರುತಿಯಲ್ಲಿ ಬರುತ್ತದೆ. ಆದರೆ ಸೆಟ್‌ನಲ್ಲಿ ಆಲ್ಟೋ ಕ್ಲಾರಿನೆಟ್ ಪಾರ್ಟ್ ಇದ್ದರೆ ಅದನ್ನು ಆಲ್ಟೋ ಸ್ಯಾಕ್ಸ್ ಓದಬಹುದು.

ಚರ್ಚಿನ ಕೀಬೋರ್ಡ್ ಇದ್ದರೆ ಟ್ರಾನ್ಸ್‌ಪೋಸ್ ಅನ್ನು ಮೈನಸ್ 2ಕ್ಕೆ ಇಟ್ಟು, ಬಾಸ್ ಪಾರ್ಟನ್ನು ಬರೆದದ್ದಕ್ಕಿಂತ ಒಂದು ಸಪ್ತಕ ಕೆಳಗೆ ಎಡಗೈಯಲ್ಲಿ ನುಡಿಸಿ. ತುರ್ತಿಗೆ ಆಯಿತು.

ಬಾಸ್ ಪಾರ್ಟ್ ಕೈಗೆ ಬಂದ ಕೂಡಲೇ ಕ್ಲೆಫ್ ನೋಡಿ. ಹಳೆಯ ಜರ್ಮನ್ ಪದ್ಧತಿಯಲ್ಲಿ ಬಾಸ್ ಕ್ಲೆಫ್ ಇರುತ್ತದೆ, ಮತ್ತು ಅದು ಬರೆದದ್ದಕ್ಕಿಂತ ಒಂದೇ ಪೂರ್ಣ ಸ್ವರ ಕೆಳಗೆ ಕೇಳುತ್ತದೆ. ಮೇಲೆ ಹೇಳಿದ ಯಾವ ಬದಲಿಯೂ ಅದಕ್ಕೆ ನೇರ ಹೊಂದುವುದಿಲ್ಲ.

ಇನ್ನು ಉಸಿರು. ಜಾಝ್‌ನಲ್ಲಿ 'ವಾಕಿಂಗ್ ಬಾಸ್' ಎಂದರೆ ಮಾತ್ರೆಗೊಂದು ಸ್ವರ, ನಿಲ್ಲದ ನಡಿಗೆ. ತಂತಿಯ ವಾದ್ಯಕ್ಕೆ ಬರೆದ ನಡಿಗೆಯನ್ನು ಹಾಗೇ ಎತ್ತಿ ಬಾಸ್ ಕ್ಲಾರಿನೆಟ್‌ಗೆ ಇಟ್ಟವರೂ ಇದ್ದಾರೆ. ಉಸಿರು ತಗೊಳ್ಳಲು ಜಾಗವೇ ಇಲ್ಲದ ಅಂಥ ಪಾರ್ಟ್ ಊದುವವರು ಹದಿನಾರು ಬಾರ್ ಮುಗಿಯುವುದರೊಳಗೆ ಕೆಂಪಾಗುತ್ತಾರೆ. ಸ್ಕೋರ್‌ನಲ್ಲಿ ನಾಲ್ಕನೇ ಸಾಲಿನ ವಿರಾಮ ಚಿಹ್ನೆಗಳನ್ನು ಎಣಿಸಿ. ಎಂಟು ಬಾರ್‌ಗೆ ಒಂದಾದರೂ ಇರಲಿ. ಇಲ್ಲದಿದ್ದರೂ ಹಾಡು ಬೇಕೇ ಬೇಕು ಎಂದರೆ, ಬಾರ್‌ನ ನಾಲ್ಕನೇ ಮಾತ್ರೆಯ ಸ್ವರ ಬಿಟ್ಟು ಉಸಿರೆಳೆಯಿರಿ. ಒಂದನೇ ಮಾತ್ರೆ ಬಿಡುವಂತಿಲ್ಲ. ಅಲ್ಲೇ ಹೊಸ ಕಾರ್ಡ್, ಅಂದರೆ ಒಟ್ಟಿಗೆ ಕೇಳುವ ಸ್ವರಗಳ ಗುಂಪು ಕೂರುವುದು. ನಾಲ್ಕನೆಯವರು ಉಸಿರೆಳೆಯುವ ಜಾಗದಲ್ಲಿ ಉಳಿದ ಮೂವರೂ ಎಳೆದರೆ ತೂತು ಬೀಳುತ್ತದೆ, ಅದನ್ನೂ ಗುರುತು ಮಾಡಿಕೊಳ್ಳಿ.

ಡ್ರಮ್ ಇಲ್ಲದೆ ಇದು ನಿಲ್ಲುತ್ತದೆಯೇ ಎಂದು ಅನುಮಾನವಿದ್ದವರು 1980ರ ದಶಕದಲ್ಲಿ ಅಮೆರಿಕದ ಜಾನ್ ಕಾರ್ಟರ್, ಆಲ್ವಿನ್ ಬಟಿಸ್ಟ್, ಜಿಮ್ಮಿ ಹ್ಯಾಮಿಲ್ಟನ್ ಮೂರು ಕ್ಲಾರಿನೆಟ್ ಮತ್ತು ಡೇವಿಡ್ ಮರ್ರಿಯವರ ಬಾಸ್ ಕ್ಲಾರಿನೆಟ್ ಸೇರಿ ಕಟ್ಟಿದ 'ಕ್ಲಾರಿನೆಟ್ ಸಮಿಟ್' ಗುಂಪಿನ ಧ್ವನಿಮುದ್ರಿಕೆ ಕೇಳಿ. ನಕಲು ಮಾಡಲು ಹೋಗಬೇಡಿ. ತಳ ಹಿಡಿದವರು ಏನು ಮಾಡುತ್ತಾರೆ ಎಂದಷ್ಟೇ ಗಮನಿಸಿ.

4. ಶ್ರುತಿ

ಜಾಝ್ ಹಾಡುಗಳು ಹೆಚ್ಚಾಗಿ ಎಫ್, ಬಿ-ಫ್ಲಾಟ್, ಇ-ಫ್ಲಾಟ್ ಶ್ರುತಿಗಳಲ್ಲಿ ಕೇಳುತ್ತವೆ. ಬಿ-ಫ್ಲಾಟ್ ಕ್ಲಾರಿನೆಟ್ ಹಾಳೆಯಲ್ಲಿ ಅವು ಕ್ರಮವಾಗಿ ಜಿ, ಸಿ, ಎಫ್ ಆಗುತ್ತವೆ, ಅಂದರೆ ಹೆಚ್ಚೆಂದರೆ ಒಂದು ಶಾರ್ಪ್ ಅಥವಾ ಒಂದು ಫ್ಲಾಟ್. ನಮ್ಮ ಅದೃಷ್ಟ. ಹಾಳೆಯ ಮೊದಲಿಗೆ ನಾಲ್ಕು ಶಾರ್ಪ್ ಕಂಡರೆ ಮುಂದಕ್ಕೆ ಹೋಗಿ.

ನಾಲ್ಕೂ ಬಿ-ಫ್ಲಾಟ್ ಇರುವ ಗುಂಪಿಗೆ ಇನ್ನೊಂದು ಲೆಕ್ಕ. ಈ ವಾದ್ಯದ ಅತಿ ಕೆಳಗಿನ ಬರೆದ ಸ್ವರ ಇ. ಬ್ಲೂಸ್ ಅಂದರೆ ಸಾಮಾನ್ಯವಾಗಿ ಹನ್ನೆರಡು ಬಾರ್ ಸುತ್ತುವ ಹಾಡಿನ ಕಟ್ಟು. ಕೇಳುವ ಬಿ-ಫ್ಲಾಟ್ ಶ್ರುತಿಯ ಬ್ಲೂಸ್‌ನಲ್ಲಿ ಮೂರು ಮುಖ್ಯ ಕಾರ್ಡ್‌ಗಳ ಬುಡದ ಸ್ವರಗಳು ಹಾಳೆಯಲ್ಲಿ ಸಿ, ಎಫ್, ಜಿ. ಎಫ್ ಮತ್ತು ಜಿ ಎರಡೂ ಕೆಳಗಿನ ತುಂಬು ದನಿಯಲ್ಲಿ ಸಿಗುತ್ತವೆ, ಸಿ ಅವುಗಳ ಮೇಲೆ ನಿಲ್ಲುತ್ತದೆ. ಬಾಸ್ ಇಲ್ಲದವರಿಗೆ ಇದಕ್ಕಿಂತ ಅನುಕೂಲದ ಶ್ರುತಿ ಕಡಿಮೆ.

5. ಲಯ: ಸ್ವಿಂಗೋ, ನೆಟ್ಟಗೋ?

ಹಾಳೆಯ ತಲೆಯ ಮೇಲೆ 'ಸ್ವಿಂಗ್' ಎಂದಿದ್ದರೆ ಕ್ವೇವರ್‌ಗಳನ್ನು, ಅಂದರೆ ಅರ್ಧ ಮಾತ್ರೆಯ ಸ್ವರಗಳನ್ನು ಬರೆದಷ್ಟು ಸಮವಾಗಿ ಊದಬಾರದು. ಒಂದು ಮಾತ್ರೆಯಲ್ಲಿ 'ತಕಿಟ' ಎಂದು ಹೇಳಿ. ಈಗ 'ಕಿ' ನುಂಗಿ: 'ತ–ಟ, ತ–ಟ'. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಇದೇ ಸ್ವಿಂಗ್. ವೇಗ ಹೆಚ್ಚಿದಂತೆ ಈ ಅಂತರ ಕಡಿಮೆಯಾಗುತ್ತ ಹೋಗಿ, ತೀರಾ ವೇಗದಲ್ಲಿ ಸ್ವರಗಳು ಸಮವಾಗಿಯೇ ಬೀಳುತ್ತವೆ. ಎಲ್ಲ ವೇಗದಲ್ಲೂ 'ತ–ಟ' ಎಂದು ಕುಣಿಸಿದರೆ ಕುದುರೆಗಾಡಿ ಆಗುತ್ತದೆ.

ರ‍್ಯಾಗ್‌ಟೈಮ್ ಬೇರೆ. ಅದು ಸ್ವಿಂಗ್‌ಗಿಂತ ಹಳೆಯದು, ಕ್ವೇವರ್‌ಗಳು ನೆಟ್ಟಗೆ, ವೇಗ ಮಧ್ಯಮ. ಅದರ ಹೆಸರಾಂತ ರಚನಕಾರ ಸ್ಕಾಟ್ ಜಾಪ್ಲಿನ್ ತಮ್ಮ ಮುದ್ರಿತ ಹಾಳೆಗಳ ಮೇಲೆಯೇ ಇದನ್ನು ವೇಗವಾಗಿ ನುಡಿಸಬೇಡಿ ಎಂದು ಹಾಕಿಸುತ್ತಿದ್ದರು. ಮೊದಲ ಸಲ ಜಾಝ್ ಕಡೆ ಹೊರಳುವ ಗುಂಪಿಗೆ ನಮ್ಮ ಮತ ರ‍್ಯಾಗ್‌ಟೈಮ್‌ಗೇ: ಅಡ್ಡ ಲಯದ ರುಚಿ ಸಿಗುತ್ತದೆ, ಸ್ವಿಂಗ್‌ನ ತಲೆನೋವು ಇರುವುದಿಲ್ಲ, ಬಾಸ್‌ಗೆ 'ಉಂ-ಪಾ'ದ (ಮೊದಲು ತಳದ ಸ್ವರ, ಆಮೇಲೆ ಕಾರ್ಡ್) ನಡುವೆ ಉಸಿರಿಗೆ ಜಾಗವೂ ಇರುತ್ತದೆ.

ಸ್ವಿಂಗ್‌ನಲ್ಲಿ ಒತ್ತು ಎರಡು ಮತ್ತು ನಾಲ್ಕನೇ ಮಾತ್ರೆಗೆ. ಸಮ್ ಮೇಲೆ ತೂಗುವ ನಮ್ಮ ಕಿವಿಗೆ ಇದು ಉಲ್ಟಾ, ಧಾರವಾಡದವರಿಗಂತೂ ಕೇಳುವುದೇ ಬೇಡ. ಅಭ್ಯಾಸಕ್ಕೆ ಮೆಟ್ರೊನೋಮ್ 60ಕ್ಕೆ ಇಟ್ಟು, ಅದರ ಟಿಕ್‌ಗಳನ್ನು ಎರಡು, ನಾಲ್ಕು ಎಂದು ಎಣಿಸಿದರೆ ಹಾಡಿನ ವೇಗ 120 ಆಗುತ್ತದೆ. ಮೊದಲ ಹಾಡಿಗೆ 100ರಿಂದ 132ರ ನಡುವಿನದನ್ನು ಆರಿಸಿ. 180 ದಾಟಿದ್ದು ಈಗ ಬೇಡ.

ಗುರುತುಗಳನ್ನೂ ನೋಡಿ. ಟೋಪಿ ಆಕಾರದ ಗುರುತು ಇದ್ದರೆ ಗಿಡ್ಡ, ಗಟ್ಟಿ ಹೊಡೆತ. ಸ್ವರದ ನಂತರ ಕೆಳಗೆ ಇಳಿಯುವ ಗೆರೆ ಇದ್ದರೆ 'ಫಾಲ್', ಸ್ವರ ಬಿಟ್ಟು ಜಾರುವುದು. ಮುಂಚೆ ಕೆಳಗಿನಿಂದ ಏರುವ ಗೆರೆ ಇದ್ದರೆ 'ಸ್ಕೂಪ್'. ತಲೆಯ ಜಾಗದಲ್ಲಿ ಅಡ್ಡಗುಣಿಸು ಇದ್ದರೆ 'ಗೋಸ್ಟ್ ನೋಟ್', ಅರ್ಧ ನುಂಗಿದ ಸ್ವರ. ಒಳ್ಳೆಯ ಪ್ರಕಟಣೆಯಲ್ಲಿ ಇವುಗಳ ವಿವರಣೆ ಮೊದಲ ಪುಟದಲ್ಲಿ ಇರುತ್ತದೆ. ಯಾವ ಗುರುತೂ ಇಲ್ಲದೆ ಬರೀ ಸ್ವರಗಳಿದ್ದರೆ ಹಾಡಿನ ಹೆಸರು ಮಾತ್ರ ಜಾಝ್, ಹಾಳೆ ಜಾಝ್ ಅಲ್ಲ.

ಜಾರುವ ವಿಷಯದಲ್ಲಿ ನಮ್ಮವರಿಗೆ ಕಲಿಸಬೇಕಾದದ್ದು ಕಡಿಮೆ. ರಾಯಚೂರು ಕಡೆಯ ಪಂಡಿತ ನರಸಿಂಹಲು ವಡವಾಟಿಯವರ ಕ್ಲಾರಿನೆಟ್‌ನಲ್ಲಿ ಹಿಂದೂಸ್ತಾನಿ ಮೀಂಡ್ ಕೇಳಿದವರು, ಮದುವೆ ಬ್ಯಾಂಡಿನಲ್ಲಿ ಸಿನಿಮಾ ಹಾಡು ಎಳೆದವರು ಸ್ಕೂಪ್‌ಗೆ ಹೆದರುವುದಿಲ್ಲ. ಅಪಾಯ ಬೇರೆ: ಗುರುತಿಲ್ಲದ ಕಡೆಯೂ ಮೀಂಡ್ ಎಳೆದರೆ ನಾಲ್ವರ ಕಾರ್ಡ್ ಕಲಸಿಹೋಗುತ್ತದೆ. ಒಬ್ಬರೇ ನುಡಿಸುವ ಸಾಲಿನಲ್ಲಿ ಎಳೆಯಿರಿ, ಜೊತೆಸ್ವರದಲ್ಲಿ ನೆಟ್ಟಗೆ ನಿಲ್ಲಿ.

6. ಕಾರ್ಡ್‌ನಲ್ಲಿ ಏಳನೆಯದು ಇದೆಯೇ?

ಇದೊಂದು ಪರೀಕ್ಷೆ ಮಾಡಲು ಐದು ನಿಮಿಷ ಸಾಕು, ದುಡ್ಡು ಉಳಿಯುತ್ತದೆ. ಜಾಝ್‌ನ ಬಣ್ಣ ಇರುವುದು ಕಾರ್ಡಿನ ಮೂರನೇ ಮತ್ತು ಏಳನೇ ಸ್ವರಗಳಲ್ಲಿ. ಬರೆದ ಸಿ-7 ಕಾರ್ಡ್ ಅಂದರೆ ಸಿ, ಇ, ಜಿ, ಬಿ-ಫ್ಲಾಟ್. ಸರಗಮ್‌ನಲ್ಲಿ ಸಾ, ಗ, ಪ, ಕೋಮಲ ನಿ. ನಾಲ್ವರಲ್ಲಿ ಒಬ್ಬರಿಗೆ ಸಿ, ಒಬ್ಬರಿಗೆ ಇ, ಒಬ್ಬರಿಗೆ ಬಿ-ಫ್ಲಾಟ್ ಇರಲೇಬೇಕು. ಜಿ ಇಲ್ಲದಿದ್ದರೂ ನಡೆಯುತ್ತದೆ. ಆ ಜಾಗ ರಾಗದ ಸಾಲಿಗೆ.

ಈಗ ಬ್ಲೂಸ್‌ನ ನಾಲ್ಕನೇ ಬಾರ್‌ನಿಂದ ಐದನೆಯದಕ್ಕೆ ಹೋಗಿ. ಸಿ-7 ಹೋಗಿ ಎಫ್-7 ಬರುತ್ತದೆ. ಒಳ್ಳೆಯ ಹೊಂದಿಕೆಯಲ್ಲಿ ಎರಡನೆಯವರ ಇ ಅರ್ಧ ಸ್ವರ ಇಳಿದು ಇ-ಫ್ಲಾಟ್ ಆಗುತ್ತದೆ, ಮೂರನೆಯವರ ಬಿ-ಫ್ಲಾಟ್ ಅರ್ಧ ಸ್ವರ ಇಳಿದು ಎ ಆಗುತ್ತದೆ. ಬಾಸ್ ಮಾತ್ರ ಸಿ-ಯಿಂದ ಎಫ್‌ಗೆ ದಾಟುತ್ತದೆ. ನಡುವಿನ ಇಬ್ಬರು ಒಂದೊಂದು ಬೆರಳು ಕದಲಿಸುವುದರೊಳಗೆ ಇಡೀ ಬಣ್ಣ ಬದಲಾಗುತ್ತದೆ. ಇದೇ ಜಾಗದಲ್ಲಿ ಎರಡನೆಯವರು, ಮೂರನೆಯವರು ಮೇಲೆ ಕೆಳಗೆ ದೊಡ್ಡ ಜಿಗಿತ ಹಾಕುವಂತೆ ಬರೆದಿದ್ದರೆ, ಅಥವಾ ಇಬ್ಬರಿಗೆ ಸಿ ಕೊಟ್ಟು ಬಿ-ಫ್ಲಾಟ್ ಯಾರಿಗೂ ಕೊಡದಿದ್ದರೆ, ಬರೆದವರಿಗೆ ಪ್ರಾರ್ಥನಾಗೀತೆಯ ನಾಲ್ಕು ದನಿ ಗೊತ್ತು, ಜಾಝ್ ಗೊತ್ತಿಲ್ಲ ಎಂದರ್ಥ.

ರಾಗ ಯಾವಾಗಲೂ ಒಂದನೆಯವರಲ್ಲೇ ಇದೆಯೇ ಎಂಬುದನ್ನೂ ನೋಡಿ. ಹಾಗಿದ್ದರೆ ಉಳಿದವರು ಮೂರನೇ ರಿಹರ್ಸಲ್‌ಗೆ ಬರುವುದಿಲ್ಲ.

7. ಸೋಲೋ ಮತ್ತು ಸರಗಮ್

ಕೆಲವು ಹಾಳೆಗಳಲ್ಲಿ ನಡುವೆ ಹನ್ನೆರಡು ಬಾರ್ ಖಾಲಿ ಓರೆಗೆರೆ, ಮೇಲೆ ಕಾರ್ಡ್ ಹೆಸರು ಮಾತ್ರ ಇರುತ್ತದೆ. ಅಲ್ಲಿ ಆಶುವಾಗಿ ನುಡಿಸಬೇಕು. ಬರೆದ ಸೋಲೋ, ಅದರ ಮೇಲೆ ಕಾರ್ಡ್ ಹೆಸರು ಎರಡೂ ಇರುವುದನ್ನು ಆರಿಸಿ. ಇವತ್ತು ಬರೆದದ್ದು ಊದಿ, ಮುಂದಿನ ವರ್ಷ ನಿಮ್ಮದು. ಕಾರ್ಡ್ ಹೆಸರುಗಳು ಕ್ಲಾರಿನೆಟ್‌ಗೆ ಬದಲಿಸಿದವೇ ಎಂದು ನೋಡಿಕೊಳ್ಳಿ: ಕೇಳುವ ಬಿ-ಫ್ಲಾಟ್-7 ಇದ್ದಲ್ಲಿ ಪಾರ್ಟಿನಲ್ಲಿ ಸಿ-7 ಎಂದಿರಬೇಕು. ಬಿ-ಫ್ಲಾಟ್-7 ಎಂದೇ ಇದ್ದರೆ ಪ್ರಕಾಶಕರು ಮರೆತಿದ್ದಾರೆ.

ರಾಗ ಗೊತ್ತಿದ್ದವರಿಗೆ ಒಂದು ಕೈಮರ. ಬ್ಲೂಸ್ ಸ್ಕೇಲ್ ಅಂದರೆ ಧಾನಿ ರಾಗದ ಸಾ, ಕೋಮಲ ಗ, ಮ, ಪ, ಕೋಮಲ ನಿ, ಇವುಗಳ ಜೊತೆ ತೀವ್ರ ಮಧ್ಯಮ. ಆದರೆ ಕೆಳಗಿನ ಕಾರ್ಡ್‌ನಲ್ಲಿ ಶುದ್ಧ ಗ ಇರುತ್ತದೆ. ಮೇಲೆ ಕೋಮಲ, ಕೆಳಗೆ ಶುದ್ಧ, ಆ ಘರ್ಷಣೆಯೇ ಬ್ಲೂಸ್. ಜೋಗ್ ರಾಗದ ಎರಡು ಗಾಂಧಾರ ನೆನಪಾದರೆ ಆಶ್ಚರ್ಯವಿಲ್ಲ. ರಾಗವಿಸ್ತಾರದ ಅಭ್ಯಾಸದಲ್ಲಿ ಹನ್ನೆರಡು ಬಾರ್ ದಾಟಿ ಹೋಗಬೇಡಿ, ಉಳಿದ ಮೂವರು ಅಲ್ಲಿ ಕಾಯುತ್ತಿರುತ್ತಾರೆ.

ಸರಗಮ್ ಓದುವವರಿಗೆ ಪಾರ್ಟ್ ಬರೆದುಕೊಡುವುದು ಹೀಗೆ. ಚೌಕುಳಿ ಪುಸ್ತಕದಲ್ಲಿ ಬಾರ್‌ಗೆ 8 ಮನೆ, ಮಾತ್ರೆಗೆ ಎರಡು. ಬರೆದ ಸಿ ಯಾವಾಗಲೂ ಸಾ; ಹಾಡಿನ ಶ್ರುತಿ ಬದಲಾದರೂ ಸಾ ಬದಲಿಸಬೇಡಿ, ಇಲ್ಲದಿದ್ದರೆ ಬೆರಳು ಗೊಂದಲವಾಗುತ್ತದೆ. ಸ್ವರ ಮುಂದುವರಿದ ಮನೆಗೆ ಅಡ್ಡಗೆರೆ, ಮೌನದ ಮನೆಗೆ ಸೊನ್ನೆ. ಇವೆರಡನ್ನು ಒಂದೇ ಗುರುತಿನಲ್ಲಿ ಬರೆಯುವುದೇ ಸಾಮಾನ್ಯ ತಪ್ಪು. ಆಗ ಎಲ್ಲಿ ಊದುತ್ತಿರಬೇಕು, ಎಲ್ಲಿ ನಿಲ್ಲಿಸಬೇಕು ತಿಳಿಯದೆ ಅಡ್ಡ ಲಯವೆಲ್ಲ ಮಾಯ. ಮೂರು ನಿಮಿಷದ ಹಾಡು 120ರ ವೇಗದಲ್ಲಿ 90 ಬಾರ್, ಅಂದರೆ 720 ಮನೆ. ಒಂದು ಸಂಜೆಯ ಕೆಲಸ.

8. ಕೊಳ್ಳುವುದು

ಜಾಲತಾಣದಲ್ಲಿ ತೋರಿಸುವ ಮಾದರಿ ಸಾಮಾನ್ಯವಾಗಿ ಮೊದಲ ಪುಟ. ಕಷ್ಟ ಇರುವುದು ಕೊನೆಯ ಎರಡು ಪುಟದಲ್ಲಿ. ಪೂರ್ತಿ ಸ್ಕೋರ್ ತೋರಿಸುವ ಕಡೆಯೇ ಕೊಳ್ಳಿ. ಮಾದರಿ ಧ್ವನಿ ಕಂಪ್ಯೂಟರಿನದಾದರೆ ಅದಕ್ಕೆ ಉಸಿರೂ ಬೇಕಿಲ್ಲ, ಬ್ರೇಕ್ ದಾಟುವ ಕಷ್ಟವೂ ಇಲ್ಲ. ಅದನ್ನು ಕೇಳಿ ಮರುಳಾಗಬೇಡಿ. ಬ್ಯಾಂಕ್ ಕಾರ್ಡಿನಲ್ಲಿ ಹಣ ಕಟ್ಟುವಾಗ ನಿಂತುಬಿಟ್ಟರೆ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಇದೆಯೇ ನೋಡಿ.

ಹಕ್ಕಿನ ವಿಷಯ: ಭಾರತದ 1957ರ ಕಾಪಿರೈಟ್ ಕಾಯ್ದೆಯಂತೆ ರಚಿಸಿದವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಜಾಪ್ಲಿನ್ 1917ರಲ್ಲಿ ತೀರಿಕೊಂಡರು, ಅವರ ರಚನೆಗಳು ಮುಕ್ತ. ಜಾಝ್ ರಚನಕಾರ ಡ್ಯೂಕ್ ಎಲಿಂಗ್ಟನ್ 1974ರಲ್ಲಿ. ಅವರವು 2034ರ ಕೊನೆಯವರೆಗೂ ಇಲ್ಲಿ ಮುಕ್ತವಲ್ಲ. ಮೂಲ ಮುಕ್ತವಾಗಿದ್ದರೂ ಇತ್ತೀಚೆಗೆ ಅದನ್ನು ನಾಲ್ಕು ಕ್ಲಾರಿನೆಟ್‌ಗೆ ಹೊಂದಿಸಿದವರ ಹಕ್ಕು ಬೇರೆ ಇರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಉಚಿತ ಅಲ್ಲ, ಯಾರೋ ಕದ್ದದ್ದು.

ಯಾವುದೂ ಹೊಂದದಿದ್ದರೆ ಹಕ್ಕು ಮುಗಿದ ನೋಟೇಶನ್ ಸಿಗುವ ಐಎಂಎಸ್‌ಎಲ್‌ಪಿ ತಾಣದಿಂದ ಜಾಪ್ಲಿನ್‌ನ ಪಿಯಾನೋ ಹಾಳೆ ಇಳಿಸಿ, ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ನೀವೇ ಹೊಂದಿಸಿ. ಬಲಗೈ ಮೇಲಿನ ಸಾಲು ಒಂದನೆಯವರಿಗೆ. ಎಡಗೈ 'ಉಂ' ನಾಲ್ಕನೆಯವರಿಗೆ, ಜೋಡಿ ಸಪ್ತಕ ಇದ್ದರೆ ಮೇಲಿನದೊಂದೇ ಸಾಕು. 'ಪಾ'ದ ಎರಡು ಸ್ವರ ನಡುವಿನ ಇಬ್ಬರಿಗೆ, ಮೂರಿದ್ದರೆ ಕಾರ್ಡಿನ ಪಂಚಮ ಬಿಡಿ. ವಾದ್ಯವನ್ನು ಬಿ-ಫ್ಲಾಟ್ ಕ್ಲಾರಿನೆಟ್ ಎಂದು ಆರಿಸಿದರೆ ಟ್ರಾನ್ಸ್‌ಪೋಸ್ ತಂತ್ರಾಂಶವೇ ಮಾಡುತ್ತದೆ. ಕೇಳುವ ಸ್ವರವನ್ನೇ ಹಾಳೆಯಲ್ಲಿ ತೋರಿಸುವ 'ಕಾನ್ಸರ್ಟ್ ಪಿಚ್' ಗುಂಡಿ ಆಫ್ ಮಾಡಿಯೇ ಪ್ರಿಂಟ್ ತೆಗೆಯಿರಿ, ಇಲ್ಲದಿದ್ದರೆ ನಾಲ್ವರೂ ಒಂದು ಸ್ವರ ಕೆಳಗೆ ಊದುತ್ತೀರಿ. ತಮಾಷೆ ಏನೆಂದರೆ ನಾಲ್ವರೂ ಒಟ್ಟಿಗೆ ತಪ್ಪಿದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಕೀಬೋರ್ಡ್ ಸೇರುವವರೆಗೆ.

9. ಪ್ರಿಂಟ್

ವಿದೇಶಿ ಪಿಡಿಎಫ್‌ಗಳ ಪುಟದ ಅಳತೆ ಎ4ಗಿಂತ ಬೇರೆ ಇರಬಹುದು. ಝೆರಾಕ್ಸ್ ಅಂಗಡಿಯಲ್ಲಿ ಮೊದಲು ಒಂದೇ ಪುಟ ತೆಗೆಸಿ, ಅಂಚಿನ ಸ್ವರ ಕತ್ತರಿಸಿಲ್ಲ ಎಂದು ನೋಡಿ, ಆಮೇಲೆ ಉಳಿದದ್ದು. ಎರಡೂ ಬದಿ ಪ್ರಿಂಟ್ ಬೇಡ. ಮೂರು ಪುಟವನ್ನು ಪಕ್ಕಪಕ್ಕ ಟೇಪ್ ಹಚ್ಚಿದರೆ ಹಾಳೆ ಮಗುಚುವ ಕೆಲಸವಿಲ್ಲ. ಮುಖ್ಯವಾಗಿ ನಾಲ್ಕನೆಯವರಿಗೆ, ಅವರ ಕೈ ಬಿಡುವಾಗುವುದೇ ಇಲ್ಲ. ಪೆಂಡಾಲ್‌ನಲ್ಲಿ ನುಡಿಸುವುದಾದರೆ ಒಬ್ಬೊಬ್ಬರಿಗೆ ನಾಲ್ಕು ಬಟ್ಟೆ ಕ್ಲಿಪ್, ಮತ್ತು ಒಂದೇ ಮೈಕ್ ಇದ್ದರೆ ಅದು ಬಾಸ್‌ಗೆ. ಕೆಳಗಿನ ದನಿ ಬಯಲಲ್ಲಿ ಮೊದಲು ಸಾಯುತ್ತದೆ.

10. ಮೊದಲ ರಿಹರ್ಸಲ್

ಶ್ರುತಿ ಕೂಡಿಸುವ ಮುಂಚೆ ಐದು ನಿಮಿಷ ಊದಿ ವಾದ್ಯ ಬಿಸಿ ಮಾಡಿ. ಏಪ್ರಿಲ್ ಸೆಖೆಯಲ್ಲಿ ಕ್ಲಾರಿನೆಟ್ ಶ್ರುತಿ ಏರುತ್ತದೆ; ಬ್ಯಾರಲ್ (ಊದುವ ಬಾಯಿಯ ಕೆಳಗಿನ ತುಂಡು) ಒಂದು ಮಿಲಿಮೀಟರ್ ಎಳೆದು ನೋಡಿ.

ಮೊದಲ 16 ಬಾರ್ ನಾಲ್ಕನೆಯವರು ಒಬ್ಬರೇ ನುಡಿಸಲಿ, ಉಳಿದವರು ಎರಡು-ನಾಲ್ಕಕ್ಕೆ ಚಪ್ಪಾಳೆ ಹಾಕಲಿ. ಅಷ್ಟರಲ್ಲೇ ಕಾಲು ತಾನಾಗಿ ತಾಳ ಹಾಕಿತೋ ಗಮನಿಸಿ. ಆಮೇಲೆ ಒಂದನೆಯವರು ಸೇರಲಿ: ರಾಗ ಮತ್ತು ತಳ, ನಡುವೆ ಏನೂ ಇಲ್ಲ. ಇದು ನಿಂತರೆ ಎರಡನೆಯವರು, ಮೂರನೆಯವರು. ಎಲ್ಲೋ ಕುಸಿದರೆ ಸೇರಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಒಬ್ಬೊಬ್ಬರನ್ನು ತೆಗೆಯುತ್ತ ಬನ್ನಿ, ಯಾರ ಪಾರ್ಟ್ ಎಡವಿಸುತ್ತಿದೆ ಗೊತ್ತಾಗುತ್ತದೆ. ಹೆಚ್ಚಾಗಿ ಅದು ಎರಡನೆಯವರದು, ಬ್ರೇಕ್ ದಾಟುವ ಆ ಎ-ಬಿ. ಬ್ರೇಕ್ ಕೆಳಗಿನ ಆ ಎ ಊದುವಾಗಲೇ ಬಲಗೈ ಬೆರಳುಗಳನ್ನು ಮುಚ್ಚಿ ಇಟ್ಟುಕೊಳ್ಳಲು ಹೇಳಿ. ಸ್ವರ ಕೆಡುವುದಿಲ್ಲ, ಮುಂದಿನ ಬಿ-ಗೆ ಅರ್ಧ ಕೆಲಸ ಮುಗಿದಿರುತ್ತದೆ. ಆ ಬಾರ್‌ನ ಮೇಲೆ ಪೆನ್ಸಿಲ್‌ನಲ್ಲಿ 'ಬಲಗೈ' ಎಂದು ಬರೆದಿಡಿ.